ಒಂದೇ ಸೀಟಿಗೆ ಇಬ್ಬರು

ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸಲು ನಮ್ಮ ಹಳ್ಳಿಯ ಅಡುಗೆಮನೆಗಳು ಯಾವ ಪ್ರಯೋಗಾಲಯವನ್ನೂ ಕಾದು ಕೂತಿರಲಿಲ್ಲ. ಬಾಯಿಗೆ ಹಾಕಿದರೆ ಉಪ್ಪು ಹತ್ತಬಾರದು, ಬೇಳೆ ಬೇಗ ಬೇಯಬೇಕು, ಸೋಪು ಉಜ್ಜಿದರೆ ನೊರೆ ಏಳಬೇಕು. ಮೂರೂ ಕೂಡಿಬಂದರೆ ಅದು ಸಿಹಿನೀರು. ಬೇಳೆಯನ್ನು ಸತಾಯಿಸುವ, ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುವ ನೀರು ಗಡಸು ನೀರು. ಅದು ದನಕ್ಕೆ, ಅಂಗಳಕ್ಕೆ.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಸೀಮೆಯಲ್ಲಿ ಈ ಪರೀಕ್ಷೆ ಕೈಕೊಟ್ಟಿತು. ತಿಳಿಯಾಗಿ, ವಾಸನೆಯಿಲ್ಲದೆ, ಬೇಳೆಯನ್ನು ಚೆನ್ನಾಗಿ ಬೇಯಿಸುವ ಕೊಳವೆಬಾವಿಯ ನೀರನ್ನೇ ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡಿತು. ನಲವತ್ತು ದಾಟುವ ಹೊತ್ತಿಗೆ ಕೆಲವರ ಬೆನ್ನು ಬಾಗದಾಯಿತು, ಕತ್ತು ತಿರುಗದಾಯಿತು. ‘ಫ್ಲೋರೈಡ್ ನೀರು’ ಎಂಬ ಮಾತು ಈಗ ಅಲ್ಲಿ ಶಾಲಾ ಮಕ್ಕಳಿಗೂ ಗೊತ್ತು.

ಗೊತ್ತಿದ್ದರೂ ಮೂರು ಒಗಟುಗಳು ಹಾಗೇ ಉಳಿಯುತ್ತವೆ. ಹಲ್ಲು ಕೆಡಿಸುವ ಫ್ಲೋರೈಡನ್ನೇ ಟೂತ್‌ಪೇಸ್ಟ್ ಕಂಪನಿಗಳು ‘ಹಲ್ಲು ಕಾಯುತ್ತದೆ’ ಎಂದು ಡಬ್ಬಿಯ ಮೇಲೆ ಅಚ್ಚು ಹಾಕುವುದೇಕೆ? ತಾತನ ಕಾಲದ ತೆರೆದ ಬಾವಿಯಲ್ಲಿ ಅಷ್ಟಾಗಿ ಕಾಡದ ತೊಂದರೆ ಆಳದ ಕೊಳವೆಬಾವಿಯಲ್ಲಿ ಕಾಣಿಸಿದ್ದೇಕೆ? ಬೇಳೆ ಬೇಯಿಸುವ ಸಿಹಿನೀರಿನಲ್ಲೇ ಅದು ಹೆಚ್ಚಾಗಿ ಅಡಗಿರುವುದೇಕೆ? ಮೂರಕ್ಕೂ ಉತ್ತರ ಒಂದೇ.

ಕೊಲೊರಾಡೊದ ಕಂದು ಹಲ್ಲು

ಮೊದಲ ಒಗಟಿನ ಜಾಡು ಹಿಡಿದವರು ಅಮೆರಿಕದ ಒಬ್ಬ ದಂತವೈದ್ಯರು. ಫ್ರೆಡರಿಕ್ ಮೆಕೇ 1901ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದು ವೃತ್ತಿ ಶುರು ಮಾಡಿದಾಗ, ಅಲ್ಲೇ ಹುಟ್ಟಿ ಬೆಳೆದ ಅನೇಕರ ಹಲ್ಲಿನ ಮೇಲೆ ಕಂದು ಕಲೆ ಕಂಡರು. ಉಜ್ಜಿದರೆ ಹೋಗದು, ಕೆರೆದರೂ ಹೋಗದು. ಹಂದಿಮಾಂಸ ಹೆಚ್ಚು ತಿಂದದ್ದರಿಂದ ಎಂದರು ಕೆಲವರು, ಕೆಟ್ಟ ಹಾಲಿನಿಂದ ಎಂದರು ಇನ್ನು ಕೆಲವರು. ಮೆಕೇ ಗಮನಿಸಿದ್ದು ಬೇರೆಯೇ ಎರಡು ಸಂಗತಿ. ದೊಡ್ಡವರಾದ ಮೇಲೆ ಆ ಊರಿಗೆ ಬಂದವರಿಗೆ ಕಲೆ ಇಲ್ಲ. ಕಲೆ ಇದ್ದವರ ಹಲ್ಲಿಗೆ ಹುಳುಕು ಕಡಿಮೆ.

1923ರಲ್ಲಿ ಅವರು ಇಡಾಹೊ ರಾಜ್ಯದ ಓಕ್ಲಿ ಎಂಬ ಊರಿಗೆ ಹೋದರು. ಬಿಸಿನೀರಿನ ಬುಗ್ಗೆಯೊಂದರಿಂದ ಹೊಸ ಪೈಪ್‌ಲೈನ್ ಹಾಕಿಸಿಕೊಂಡ ಮೇಲೆಯೇ ಮಕ್ಕಳ ಹಲ್ಲಿಗೆ ಕಲೆ ಬಂತು ಎಂದು ಅಲ್ಲಿನ ತಾಯಿತಂದೆಯರು ಹೇಳಿದರು. ಆ ಪೈಪು ಬಿಡಿ, ಬೇರೆ ನೀರು ತನ್ನಿ ಎಂದರು ಮೆಕೇ. ಊರಿನವರು ಹಾಗೇ ಮಾಡಿದರು. ಕೆಲವೇ ವರ್ಷಗಳಲ್ಲಿ ಹೊಸದಾಗಿ ಹುಟ್ಟಿದ ಹಲ್ಲುಗಳು ಶುಭ್ರವಾಗಿದ್ದವು. ದೋಷ ನೀರಿನದು ಎಂಬುದು ಖಚಿತವಾಯಿತು. ಆದರೆ ನೀರಿನಲ್ಲಿ ಏನಿದೆ? ಅದನ್ನು 1931ರಲ್ಲಿ ಹೇಳಿದವರು ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನತಜ್ಞ ಎಚ್. ವಿ. ಚರ್ಚಿಲ್. ಅರ್ಕಾನ್ಸಾದ ಬಾಕ್ಸೈಟ್ ಎಂಬ ಗಣಿಯೂರಿನ ನೀರಿನಲ್ಲಿ ಅವರಿಗೆ ಸಿಕ್ಕಿದ್ದು, ಯಾರೂ ನಿರೀಕ್ಷಿಸದಷ್ಟು ಫ್ಲೋರೈಡ್.

ಮುಂದೆ ಟ್ರೆಂಡ್ಲಿ ಡೀನ್ ಎಂಬ ದಂತವೈದ್ಯರು ಊರೂರಿನ ನೀರನ್ನೂ ಹಲ್ಲನ್ನೂ ತಾಳೆ ನೋಡಿದರು. ಲೀಟರಿಗೆ ಸುಮಾರು 1 ಮಿಲಿಗ್ರಾಂ ಫ್ಲೋರೈಡ್ ಇದ್ದಲ್ಲಿ ಹುಳುಕು ಕಡಿಮೆ, ಎದ್ದು ಕಾಣುವ ಕಲೆಯೂ ವಿರಳ. 1945ರಲ್ಲಿ ಮಿಶಿಗನ್‌ನ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರ ತನ್ನ ನಲ್ಲಿ ನೀರಿಗೆ ತಾನಾಗಿಯೇ ಫ್ಲೋರೈಡ್ ಬೆರೆಸತೊಡಗಿತು. ನಾವು ತೆಗೆಯಲು ಹೆಣಗುತ್ತಿರುವುದನ್ನು ಅವರು ಸೇರಿಸಿದರು. ಒಂದೇ ವಸ್ತು ಕಾಯುವುದೂ ಕೆಡಿಸುವುದೂ ಹೇಗೆಂದು ತಿಳಿಯಲು ಹಲ್ಲಿನ ಒಳಗೆ ಇಣುಕಬೇಕು.

ಕಿಟಕಿ ಪಕ್ಕದ ಸೀಟು

ಹಲ್ಲಿನ ಹೊರಪದರ ನಮ್ಮ ಮೈಯಲ್ಲೇ ಅತಿ ಗಟ್ಟಿಯಾದ ಭಾಗ. ಅದರ ತೂಕದಲ್ಲಿ ನೂರಕ್ಕೆ 96 ಪಾಲು ಖನಿಜ. ಈ ಖನಿಜದ ಚೌಕಟ್ಟು ಕ್ಯಾಲ್ಸಿಯಂ ಮತ್ತು ರಂಜಕದ್ದು. ನಮ್ಮ ಜನ ಸುಣ್ಣದಂಶ ಎನ್ನುವುದು ಈ ಕ್ಯಾಲ್ಸಿಯಂಗೇ. ಚೌಕಟ್ಟಿನ ನಡುವೆ ಸಾಲಾಗಿ ಸಣ್ಣ ಖಾಲಿ ಜಾಗಗಳಿವೆ. ಒಂದೊಂದರಲ್ಲೂ ನೀರಿನ ಅಣುವಿನಿಂದ ಮುರಿದುಕೊಂಡ ಒಂದು ಚೂರು ಕೂತಿರುತ್ತದೆ. ವಿಜ್ಞಾನಿಗಳ ಬಾಯಲ್ಲಿ ಅದು ಹೈಡ್ರಾಕ್ಸಿಲ್, ಇಲ್ಲಿ ಅದನ್ನು ಜಲತುಣುಕು ಎಂದು ಕರೆಯೋಣ.

ಈ ಜಾಗವನ್ನು ಬಸ್ಸಿನ ಸೀಟು ಎಂದುಕೊಳ್ಳಿ. ಜಲತುಣುಕಿಗೂ ಫ್ಲೋರೈಡಿಗೂ ಮೈಕಟ್ಟು ಹೆಚ್ಚುಕಡಿಮೆ ಒಂದೇ, ಹೊತ್ತಿರುವ ವಿದ್ಯುತ್ತೂ ಒಂದೇ ಬಗೆಯದು. ಆದ್ದರಿಂದ ಒಬ್ಬರ ಸೀಟಿನಲ್ಲಿ ಇನ್ನೊಬ್ಬರು ಕೂರಬಹುದು, ಕಂಡಕ್ಟರಿಗೆ ವ್ಯತ್ಯಾಸವೇ ತಿಳಿಯದು. ವ್ಯತ್ಯಾಸ ಇರುವುದು ಕೂರುವ ರೀತಿಯಲ್ಲಿ. ಜಲತುಣುಕು ಸೀಟಿನ ಅಂಚಿಗೆ ಸರಿದು ಕೂರುತ್ತದೆ. ಆಮ್ಲ ಬಂದು ಕರೆದರೆ ಸಾಕು, ಎದ್ದು ಅದರ ಜೊತೆ ಹೊರಟುಬಿಡುತ್ತದೆ. ಫ್ಲೋರೈಡ್ ಹಾಗಲ್ಲ. ಸುತ್ತಲಿನ ಮೂರು ಕ್ಯಾಲ್ಸಿಯಂಗಳ ನಟ್ಟನಡುವೆ ಹೊಂದಿಕೊಂಡು ಕೂರುತ್ತದೆ, ಸುಲಭಕ್ಕೆ ಏಳದು.

ಹುಳುಕು ಎಂದರೆ ಆಮ್ಲದ ಕೆಲಸ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಆಮ್ಲ ಹಲ್ಲಿನ ಖನಿಜವನ್ನು ಕರಗಿಸುತ್ತದೆ. ಜೊಲ್ಲು ಮತ್ತೆ ಕ್ಯಾಲ್ಸಿಯಂ ತಂದು ರಿಪೇರಿ ಮಾಡುತ್ತದೆ. ರಿಪೇರಿಯ ಹೊತ್ತಿನಲ್ಲಿ ತುಸು ಫ್ಲೋರೈಡ್ ಹತ್ತಿರವಿದ್ದರೆ ಖಾಲಿಯಾದ ಸೀಟು ಅದಕ್ಕೆ ಸಿಗುತ್ತದೆ, ಮುಂದಿನ ಆಮ್ಲದ ದಾಳಿಗೆ ಆ ಜಾಗ ಜಗ್ಗದು. ಟೂತ್‌ಪೇಸ್ಟ್ ಮಾಡುವುದು ಇಷ್ಟೇ. ಅದು ಹಲ್ಲಿನ ಮೇಲ್ಮೈಯ ಕೆಲಸ, ಮುಗಿದ ಮೇಲೆ ಉಗಿಯುತ್ತೇವೆ. ಉಗಿಯಲು ಬಾರದ ಪುಟ್ಟ ಮಕ್ಕಳ ಬ್ರಷ್ಷಿಗೆ ಅಕ್ಕಿಕಾಳಿನಷ್ಟೇ ಪೇಸ್ಟ್ ಹಾಕಿ ಎಂದು ದಂತವೈದ್ಯರು ಹೇಳುವುದು ಇದೇ ಕಾರಣಕ್ಕೆ.

ನುಂಗಿದ ಫ್ಲೋರೈಡಿನ ಕತೆ ಬೇರೆ. ಮಗುವಿನ ಶಾಶ್ವತ ಹಲ್ಲುಗಳು ವಸಡಿನೊಳಗೆ ಹುಟ್ಟಿನಿಂದ ಹಿಡಿದು ಸುಮಾರು ಎಂಟು ವರ್ಷದವರೆಗೆ ರೂಪುಗೊಳ್ಳುತ್ತಿರುತ್ತವೆ. ಮೊದಲು ಪ್ರೋಟೀನಿನ ಮೆದು ಅಚ್ಚು, ಅದರೊಳಗೆ ಖನಿಜದ ಹರಳು. ಹರಳು ಬೆಳೆದಂತೆ ಪ್ರೋಟೀನು ಕರಗಿ ಜಾಗ ಬಿಡಬೇಕು. ರಕ್ತದಲ್ಲಿ ಫ್ಲೋರೈಡ್ ಮಿತಿಮೀರಿದರೆ ಈ ಖಾಲಿ ಮಾಡುವ ಕೆಲಸ ನಿಧಾನವಾಗುತ್ತದೆ. ಹರಳುಗಳ ನಡುವೆ ಸಂದು ಉಳಿಯುತ್ತದೆ. ಹಲ್ಲು ಹೊರಬಂದಾಗ ಸೀಮೆಸುಣ್ಣದ ಗೆರೆ ಎಳೆದಂತೆ ಬಿಳಿ ಮಚ್ಚೆ ಕಾಣುತ್ತದೆ. ಆಮೇಲೆ ತಿಂದ ಕುಡಿದ ಪದಾರ್ಥಗಳ ಬಣ್ಣ ಆ ಸಂದುಗಳಿಗೆ ಇಳಿದು ಹಳದಿ, ಕಂದು. ಫ್ಲೋರೈಡಿಗೆ ಸ್ವಂತ ಬಣ್ಣವಿಲ್ಲ. ಕಲೆ ಮೇಲಿನಿಂದ ಅಂಟಿದ್ದಲ್ಲವಾದ್ದರಿಂದ ಉಜ್ಜಿ ತೆಗೆಯಲಾಗದು. ಮೆಕೇ ಕಂಡ ದೊಡ್ಡವರಿಗೆ ಕಲೆ ಬಾರದಿದ್ದುದೂ ಇದರಿಂದಲೇ: ಅವರ ಹಲ್ಲು ಬೇರೆ ಊರಿನಲ್ಲಿ ಕಟ್ಟಿ ಮುಗಿದಿತ್ತು.

ಬಂಡೆ ಬಿಟ್ಟುಕೊಡುವುದು ಯಾವಾಗ

ಈಗ ನೆಲದ ಕೆಳಗೆ ಇಳಿಯೋಣ. ಕರ್ನಾಟಕದ ಪೂರ್ವ ಭಾಗ ಕೂತಿರುವುದು ಗ್ರಾನೈಟ್ ಮತ್ತು ನೈಸ್ ಬಂಡೆಗಳ ಮೇಲೆ. ರಾಮನಗರದಿಂದ ಉತ್ತರಕ್ಕೆ ಬಳ್ಳಾರಿಯತ್ತ ಹಬ್ಬಿದ ಕ್ಲೋಸ್‌ಪೇಟೆ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಈ ಬಂಡೆಗಳಲ್ಲಿ ಮಿರಮಿರ ಮಿಂಚುವ ಕಪ್ಪು ಅಭ್ರಕದ ಚಕ್ಕೆಗಳಿರುತ್ತವೆ. ಆ ಅಭ್ರಕದೊಳಗೂ ಹಲ್ಲಿನಲ್ಲಿರುವಂಥದ್ದೇ ಸೀಟುಗಳಿವೆ. ಅವು ಜಲತುಣುಕಿಗೆ ಮೀಸಲು, ಆದರೆ ಬಂಡೆ ಹೆಪ್ಪುಗಟ್ಟುವಾಗ ಎಷ್ಟೋ ಕಡೆ ಫ್ಲೋರೈಡ್ ಕೂತುಬಿಟ್ಟಿದೆ.

ಮಳೆನೀರು ನೆಲಕ್ಕೆ ಇಳಿಯುವಾಗ ಗಾಳಿಯಿಂದಲೂ ಬೇರುಗಳಿಂದಲೂ ಇಂಗಾಲಾಮ್ಲ ಹೀರಿಕೊಂಡು ಬಂಡೆಯನ್ನು ಮೆಲ್ಲಗೆ ಸವೆಸುತ್ತದೆ. ಸವೆಸುತ್ತ ಸವೆಸುತ್ತ ತಾನೇ ಕ್ಷಾರವಾಗುತ್ತದೆ. ಕ್ಷಾರ ನೀರಿನಲ್ಲಿ ಜಲತುಣುಕುಗಳು ಹೆಚ್ಚು. ಅವು ಅಭ್ರಕಕ್ಕೆ ನುಗ್ಗಿ ತಮ್ಮ ಸೀಟು ಕೇಳುತ್ತವೆ, ಫ್ಲೋರೈಡ್ ಎದ್ದು ನೀರಿಗೆ ಬೀಳುತ್ತದೆ. ಹಲ್ಲಿನಲ್ಲಿ ನಡೆದದ್ದರ ತಿರುವುಮುರುವು.

ಎದ್ದ ಫ್ಲೋರೈಡ್ ನೀರಿನಲ್ಲಿ ಉಳಿಯುತ್ತದೆಯೇ? ಅದು ಕ್ಯಾಲ್ಸಿಯಂ ಕೈಯಲ್ಲಿದೆ. ಇವೆರಡೂ ಕೂಡಿದರೆ ನೀರಿನಲ್ಲಿ ಅಷ್ಟಾಗಿ ಕರಗದ ಗಟ್ಟಿ ಖನಿಜವಾಗುತ್ತದೆ. ಹಾಗಾಗಿ ಕ್ಯಾಲ್ಸಿಯಂ ಧಾರಾಳವಾಗಿರುವ ನೀರು ಹೆಚ್ಚು ಫ್ಲೋರೈಡನ್ನು ಹೊರಲಾರದು. ಆದರೆ ಒಣಸೀಮೆಯಲ್ಲಿ ನೀರು ಆವಿಯಾಗಿ ಕ್ಷಾರ ಏರಿದಂತೆ ಕ್ಯಾಲ್ಸಿಯಂ ಮಣ್ಣಿನಲ್ಲೇ ಸುಣ್ಣಕಲ್ಲಿನ ಗುಂಡುಗಳಾಗಿ ಉಳಿದುಬಿಡುತ್ತದೆ. ಜೇಡಿಯೂ ತನ್ನ ಪಾಲಿನ ಕ್ಯಾಲ್ಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಕೊನೆಗೆ ಉಳಿಯುವುದು ಅಡುಗೆ ಸೋಡಾ ಕಲಸಿದಂಥ ಮೆದು ನೀರು. ಫ್ಲೋರೈಡನ್ನು ಹಿಡಿದು ಕೂರಿಸಲು ಅಲ್ಲಿ ಯಾರೂ ಇಲ್ಲ.

ಬೇಳೆಯ ಒಗಟು ಇಲ್ಲಿ ಬಿಡುತ್ತದೆ. ಬೇಳೆಯನ್ನು ಬೇಯಗೊಡದ ವಸ್ತು ಕ್ಯಾಲ್ಸಿಯಂ, ಬೇಗ ಬೇಯಿಸುವ ವಸ್ತು ಸೋಡಾ. ಬೇಳೆಯೂ ಸೋಪೂ ಮಾಡುವುದು ಕ್ಯಾಲ್ಸಿಯಂ ಕಡಿಮೆ ಇದೆಯೇ ಎಂಬ ಪರೀಕ್ಷೆಯನ್ನು, ಮತ್ತು ಕ್ಯಾಲ್ಸಿಯಂ ಕಡಿಮೆ ಇರುವುದೇ ಫ್ಲೋರೈಡಿಗೆ ಬೇಕಾದದ್ದು. ಗಡಸು ನೀರೆಲ್ಲ ನಿರಪಾಯ ಎಂದಾಗಲಿ, ಮೆದು ನೀರೆಲ್ಲ ವಿಷ ಎಂದಾಗಲಿ ಇದರರ್ಥವಲ್ಲ. ಈ ವಿಷಯದಲ್ಲಿ ನಾಲಿಗೆಯನ್ನೂ ಒಲೆಯನ್ನೂ ನಂಬುವಂತಿಲ್ಲ, ಅಷ್ಟೆ.

ಆಳಕ್ಕೆ ಹೋದಷ್ಟೂ

ಬಂಡೆಯಿಂದ ಫ್ಲೋರೈಡ್ ಏಳುವುದು ಬಲು ನಿಧಾನದ ಕೆಲಸ, ಅದಕ್ಕೆ ನೀರು ಮತ್ತು ಬಂಡೆ ಬಹುಕಾಲ ಒಟ್ಟಿಗಿರಬೇಕು. ತೆರೆದ ಬಾವಿಯಲ್ಲಿ ಇರುತ್ತಿದ್ದುದು ಪಕ್ಕದ ಕೆರೆಯಿಂದ ಜಿನುಗಿದ, ಇತ್ತೀಚಿನ ಮಳೆಗಳ ನೀರು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಈಗ ಸಾವಿರ ಅಡಿ ಕೊರೆದು ಎತ್ತುತ್ತಿರುವುದು ಬಂಡೆಯ ಬಿರುಕಿನಲ್ಲಿ ಬಹುಕಾಲ ಸಿಕ್ಕಿಕೊಂಡಿದ್ದ ಹಳೆಯ ನೀರು. ಕೆರೆಗೆ ಹೂಳು ತುಂಬಿ ಇಂಗುವುದು ನಿಂತಂತೆ, ಹಳೆಯ ನೀರಿಗೆ ಹೊಸ ಮಳೆ ಬೆರೆತು ತೆಳುವಾಗುವ ದಾರಿಯೂ ಮುಚ್ಚಿತು. ಮಲೆನಾಡಿನಲ್ಲಿ ಈ ತೊಂದರೆ ಕಡಿಮೆ ಇರುವುದಕ್ಕೂ ಇದೇ ಕಾರಣ. ಅಲ್ಲಿ ಜಡಿಮಳೆ ನೆಲವನ್ನು ತೊಳೆಯುತ್ತಲೇ ಇರುತ್ತದೆ, ನೀರು ಬಂಡೆಯ ಬಳಿ ಬಿಡಾರ ಹೂಡುವುದಿಲ್ಲ.

ಬಿರುಕು ಬಿರುಕಿಗೂ ನೀರಿನ ಚರಿತ್ರೆ ಬೇರೆ. ಆದ್ದರಿಂದ ಒಂದೇ ಊರಿನ ಎರಡು ಬೋರುಗಳಲ್ಲಿ ಒಂದು ಕುಡಿಯಲು ಯೋಗ್ಯ, ಇನ್ನೊಂದು ಅಯೋಗ್ಯ ಆಗಿರಬಹುದು. ಪಕ್ಕದ ಮನೆಯ ವರದಿ ನಮ್ಮ ಮನೆಗೆ ನಡೆಯದು.

ಮೂಳೆಯ ಉಳಿತಾಯ ಖಾತೆ

ನೀರಿನಲ್ಲಿ ಕ್ಯಾಲ್ಸಿಯಂ ಸಿಗದೆ ಅಲೆಯುತ್ತಿದ್ದ ಫ್ಲೋರೈಡ್ ನಮ್ಮ ಹೊಟ್ಟೆಗೆ ಬಂದರೆ ರಕ್ತಕ್ಕೆ ಬೇಗ ಸೇರುತ್ತದೆ. ಒಂದು ಪಾಲನ್ನು ಮೂತ್ರಪಿಂಡ ಹೊರಹಾಕುತ್ತದೆ. ಉಳಿದದ್ದಕ್ಕೆ ಎದುರಾಗುವುದು ಕ್ಯಾಲ್ಸಿಯಂನ ದೊಡ್ಡ ಕಣಜ, ಅಂದರೆ ನಮ್ಮ ಅಸ್ಥಿಪಂಜರ. ಮೈಯಲ್ಲಿ ಉಳಿಯುವ ಫ್ಲೋರೈಡಿನ ನೂರಕ್ಕೆ 99 ಪಾಲು ಸೇರುವುದು ಮೂಳೆ ಮತ್ತು ಹಲ್ಲಿಗೆ. ಮೂಳೆಯ ಖನಿಜವೂ ಹಲ್ಲಿನದೇ ಜಾತಿ, ಸೀಟುಗಳೂ ಅವೇ. ಹಲ್ಲು ಒಮ್ಮೆ ಕಟ್ಟಿ ಮುಗಿಯುತ್ತದೆ, ಮೂಳೆಯನ್ನಾದರೋ ದೇಹ ಜೀವಮಾನವಿಡೀ ಕೆಡವಿ ಕಟ್ಟುತ್ತಿರುತ್ತದೆ. ಪ್ರತಿ ಸಲ ಕಟ್ಟುವಾಗಲೂ ಫ್ಲೋರೈಡಿಗೆ ಹೊಸ ಸೀಟು.

ಜೊತೆಗೆ ಅದು ಮೂಳೆ ಕಟ್ಟುವ ಜೀವಕೋಶಗಳನ್ನು ಕೆರಳಿಸುತ್ತದೆ. ಮೂಳೆ ದಪ್ಪವಾಗುತ್ತದೆ, ಆದರೆ ಕಟ್ಟಡ ಒರಟು. ಕೀಲುಗಳನ್ನು ಹಿಡಿದಿರುವ ಮೆದು ನಾರುಗಳಲ್ಲೂ ಸುಣ್ಣ ಕಟ್ಟುತ್ತದೆ. ಬೆನ್ನುಹುರಿ ಹಾದುಹೋಗುವ ಕೊಳವೆ ಕಿರಿದಾದರೆ ನರಗಳು ಒತ್ತಿಕೊಂಡು ಕಾಲು ಸೋಲಲೂಬಹುದು. ಹಳ್ಳಿಗಳಲ್ಲಿ ತಪಾಸಣೆಗೆ ಹೋಗುವ ಆರೋಗ್ಯ ಕಾರ್ಯಕರ್ತರು ಮೂರು ಸರಳ ಕೆಲಸ ಹೇಳುತ್ತಾರೆ: ಮಂಡಿ ಬಗ್ಗಿಸದೆ ಕಾಲ್ಬೆರಳು ಮುಟ್ಟಿ, ಗಲ್ಲವನ್ನು ಎದೆಗೆ ತಾಗಿಸಿ, ಎರಡೂ ಕೈಯನ್ನು ತಲೆಯ ಹಿಂದಕ್ಕೆ ಒಯ್ಯಿರಿ. ಆಗದಿದ್ದರೆ ಫ್ಲೋರೈಡಿನ ಅನುಮಾನ, ಮುಂದೆ ಎಕ್ಸ್‌ರೇ.

ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಎಚ್. ಇ. ಶಾರ್ಟ್ ಮತ್ತು ಸಂಗಡಿಗರು ಅದನ್ನು ವೈದ್ಯಲೋಕಕ್ಕೆ ತಿಳಿಸುವ ಮೊದಲೇ, ಉಳುವ ಎತ್ತುಗಳು ಕೀಲು ಬಿಗಿದು ಹೆಜ್ಜೆ ಹಾಕಲಾರದೆ ನಿಲ್ಲುವುದನ್ನು ಅಲ್ಲಿನ ರೈತರು ಕಂಡಿದ್ದರು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ನಲ್ಗೊಂಡ ಸೀಮೆಯ ಎಳೆಯರಲ್ಲಿ ಮಂಡಿಗೆ ಮಂಡಿ ತಾಗುವಂತೆ ಕಾಲು ಸೊಟ್ಟಗಾಗುವುದನ್ನು ವರದಿ ಮಾಡಿದರು.

ಒಳ್ಳೆಯ ನೀರಿಗೆ ಬದಲಾಯಿಸಿದರೆ ಮೂಳೆಯಿಂದ ಫ್ಲೋರೈಡ್ ವರ್ಷಗಳ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ, ಏಕೆಂದರೆ ಕೆಡವಿ ಕಟ್ಟುವ ಕೆಲಸ ನಿಲ್ಲುವುದಿಲ್ಲ. ಹಲ್ಲಿನ ಕಲೆಗೂ ಸೊಟ್ಟಗಾದ ಕಾಲಿಗೂ ಆ ಅವಕಾಶವಿಲ್ಲ.

ಎಷ್ಟಾದರೆ ಹೆಚ್ಚು?

ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ ಲೀಟರಿಗೆ 1.5 ಮಿಲಿಗ್ರಾಂ. ಭಾರತೀಯ ಮಾನಕ ಬ್ಯೂರೋ 1 ಮಿಲಿಗ್ರಾಂ ಇರಲಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ. ಭಾರತದ ಗೆರೆ ಕೆಳಗಿರುವುದಕ್ಕೆ ಅರ್ಥವಿದೆ. ಮೈಗೆ ಲೆಕ್ಕಕ್ಕೆ ಬರುವುದು ಲೀಟರಿನಲ್ಲಿ ಎಷ್ಟಿದೆ ಎಂಬುದಲ್ಲ, ದಿನಕ್ಕೆ ಒಟ್ಟು ಎಷ್ಟು ಒಳಗೆ ಹೋಯಿತು ಎಂಬುದು. ತಂಪು ದೇಶದಲ್ಲಿ ದಿನಕ್ಕೆ 2 ಲೀಟರ್ ಕುಡಿಯುವವರಿಗೆ 1.5ರ ನೀರಿನಿಂದ 3 ಮಿಲಿಗ್ರಾಂ. ಏಪ್ರಿಲ್ ಬಿಸಿಲಿನಲ್ಲಿ ಹೊಲ ಮಾಡುವವರು 5 ಲೀಟರ್ ಕುಡಿದರೆ, ಅದೂ 3 ಮಿಲಿಗ್ರಾಮಿನ ನೀರಾದರೆ, ದಿನಕ್ಕೆ 15 ಮಿಲಿಗ್ರಾಂ. ಮುದ್ದೆ, ಅನ್ನ, ಸಾರಿಗೆ ಹಾಕಿದ ನೀರು ಬೇರೆ. ಚಹಾ ಎಲೆಯಲ್ಲೂ ಸ್ವಲ್ಪ ಫ್ಲೋರೈಡ್ ಇರುತ್ತದೆ.

ಊಟದ ಕ್ಯಾಲ್ಸಿಯಂ ಇಲ್ಲಿ ನೆರವಿಗೆ ಬರುತ್ತದೆ. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಇದ್ದರೆ ಒಂದಷ್ಟು ಫ್ಲೋರೈಡ್ ಅಲ್ಲೇ ಸಿಕ್ಕಿ ಮಲದಲ್ಲಿ ಹೋಗುತ್ತದೆ. ಫ್ಲೋರೈಡ್ ಸೀಮೆಯೂ ರಾಗಿ ಸೀಮೆಯೂ ಬಹುಪಾಲು ಒಂದೇ ಆಗಿರುವುದು ಕೋಲಾರ, ತುಮಕೂರಿನವರ ಪುಣ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಅಷ್ಟೇ ಪಾಲಿಶ್ ಅಕ್ಕಿಯಲ್ಲಿ 10ರ ಆಸುಪಾಸು. ಹಾಲು ಮಜ್ಜಿಗೆಯೂ ಒಳ್ಳೆಯದೇ. ಹೈದರಾಬಾದಿನ ಒಂದು ಸಣ್ಣ ಅಧ್ಯಯನದಲ್ಲಿ ಹುಣಸೆಹಣ್ಣು ತಿಂದ ಹುಡುಗರ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚಾಗಿ ಹೊರಹೋಯಿತು. ಇವೆಲ್ಲ ಊರುಗೋಲುಗಳು, ಕೆಟ್ಟ ನೀರಿಗೆ ಪರಿಹಾರವಲ್ಲ.

ಹಿಡಿದು ತೆಗೆಯುವ ಬಗೆ

ಕಾಯಿಸಿದರೆ ಕಾಲರಾದ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಸಾಯುವ ಜೀವಿಯಲ್ಲ. ನೀರು ಆವಿಯಾಗಿ ಹೋಗಿ ಉಳಿದದ್ದರಲ್ಲಿ ಅದು ಇನ್ನಷ್ಟು ದಟ್ಟವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಕ್ಯಾಂಡಲ್ ಫಿಲ್ಟರಿಗೆ ಹಾಕಿದರೂ ಕರಗಿದ್ದು ಕೆಳಗಿಳಿಯುತ್ತದೆ.

ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಬೇಕಾಗುವುದು ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ. ಪಟಿಕದ ಅಲ್ಯೂಮಿನಿಯಂ ಜಲತುಣುಕುಗಳ ಜೊತೆ ಕೂಡಿ ಹತ್ತಿಯಂಥ ಗಸಿಯಾಗುತ್ತದೆ, ಫ್ಲೋರೈಡ್ ಆ ಗಸಿಗೆ ಅಂಟಿ ತಳ ಸೇರುತ್ತದೆ. ತಿಳಿನೀರನ್ನು ಬಗ್ಗಿಸಿಕೊಳ್ಳಬೇಕು. ಅಳತೆ ತಪ್ಪಿದರೆ ಅಲ್ಯೂಮಿನಿಯಂ ನೀರಿನಲ್ಲಿ ಉಳಿಯುವ ಅಪಾಯವಿದೆ, ದಿನಾ ಗಸಿ ಚೆಲ್ಲುವ ರಗಳೆಯೂ ಇದೆ.

ಸಂಸ್ಕರಿಸಿದ ಅಲ್ಯೂಮಿನಾ ಕಾಳಿನ ಫಿಲ್ಟರ್ ಮಾಡುವುದು ಅಪ್ಪಟ ಸೀಟು ಬದಲಾವಣೆ. ಕಾಳಿನ ಮೈಮೇಲಿನ ಜಲತುಣುಕು ಎದ್ದು ಹೋಗುತ್ತದೆ, ಫ್ಲೋರೈಡ್ ಕೂರುತ್ತದೆ. ಎಲ್ಲ ಸೀಟು ತುಂಬಿದ ಮೇಲೆ ಫಿಲ್ಟರ್ ಇದ್ದೂ ಇಲ್ಲದಂತೆ. ಆಗ ಕಾಸ್ಟಿಕ್ ಸೋಡಾದಲ್ಲಿ ತೊಳೆಯಬೇಕು. ಸೋಡಾದ ಜಲತುಣುಕುಗಳ ನೂಕಾಟಕ್ಕೆ ಫ್ಲೋರೈಡ್ ಎದ್ದುಹೋಗುತ್ತದೆ, ಬಂಡೆಯಲ್ಲಿ ಕ್ಷಾರ ನೀರು ನಿಧಾನವಾಗಿ ಮಾಡಿದ್ದನ್ನು ಇಲ್ಲಿ ಬೇಗ ಮಾಡಿಸುತ್ತೇವೆ.

ಊರೂರಿನಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳದು ಬೇರೆ ಉಪಾಯ. ಅತಿ ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಒತ್ತಡದಿಂದ ದಾಟಿಸುತ್ತವೆ, ಕರಗಿದ್ದು ಬಹುಪಾಲು ಹಿಂದೆ ಉಳಿಯುತ್ತದೆ. ಕೆಲಸ ಚೆನ್ನಾಗಿ ಆಗುತ್ತದೆ. ಆದರೆ ಹಿಂದೆ ಉಳಿದ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ದಟ್ಟ. ಅದನ್ನು ಪಕ್ಕದ ಚರಂಡಿಗೆ ಬಿಟ್ಟರೆ ಮತ್ತೆ ನೆಲಕ್ಕೇ.

ಇದಕ್ಕೆಲ್ಲ ಮೊದಲು ಆಗಬೇಕಾದ್ದು ಅಳತೆ. ಸಣ್ಣ ಕಿಟ್ ಸಾಕು. ಜಿರ್ಕೋನಿಯಂ ಬೆರೆಸಿದ ಗುಲಾಬಿ ಬಣ್ಣದ ದ್ರವವನ್ನು ನೀರಿಗೆ ಹಾಕಿದರೆ, ಫ್ಲೋರೈಡ್ ಹೆಚ್ಚಿದ್ದಷ್ಟೂ ಅದು ಹಳದಿಗೆ ತಿರುಗುತ್ತದೆ.

ತಲೆಗೆ ಐದು ಲೀಟರ್

ಫ್ಲೋರೈಡ್ ಚರ್ಮದ ಮೂಲಕ ಲೆಕ್ಕಕ್ಕೆ ಬರುವಷ್ಟು ಒಳಗಿಳಿಯುವುದಿಲ್ಲ. ಸ್ನಾನಕ್ಕೆ, ಬಟ್ಟೆಗೆ, ನೆಲ ಒರೆಸಲು ಅದೇ ಬೋರ್ ನೀರು ನಡೆಯುತ್ತದೆ. ಬದಲಾಗಬೇಕಾದ್ದು ಕುಡಿಯುವ ಮತ್ತು ಅಡುಗೆಯ ನೀರು ಮಾತ್ರ. ತಲೆಗೆ ದಿನಕ್ಕೆ 5 ಲೀಟರ್ ಎಂದರೆ ಐದು ಜನರ ಮನೆಗೆ 25 ಲೀಟರ್, ವರ್ಷಕ್ಕೆ ಸುಮಾರು 9,000 ಲೀಟರ್.

ಬಂಡೆಯನ್ನು ಇನ್ನೂ ಮುಟ್ಟದ ನೀರು ಮಳೆಯದು. 40 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಸುರಿದರೆ 20,000 ಲೀಟರ್. ಕಾಲು ಭಾಗ ಪೋಲಾದರೂ 15,000 ಲೀಟರ್ ಕೈಗೆ ಸಿಕ್ಕಿತು. ಮಳೆಯಿಲ್ಲದ ಆರೇಳು ತಿಂಗಳು ದಾಟಲು ಬೇಕಾಗುವುದು 5,000 ಲೀಟರಿನ, ಬೆಳಕು ಸೊಳ್ಳೆ ಹೋಗದಂತೆ ಮುಚ್ಚಿದ ತೊಟ್ಟಿ. ಚಾವಣಿ ತೊಳೆದು ಬರುವ ಮೊದಲ ಮಳೆಯನ್ನು ಹೊರಗೆ ಬಿಡಬೇಕು, ಕುಡಿಯುವ ಮುನ್ನ ಕಾಯಿಸಿ ಆರಿಸಬೇಕು. ದೂರದ ನದಿಯ ನೀರು ಪೈಪಿನಲ್ಲಿ ಬರುವ ಊರುಗಳಿಗೆ ಇಷ್ಟು ಕಷ್ಟವಿಲ್ಲ. ಬಾರದ ಊರುಗಳು, ಬಂದರೂ ವಾರಕ್ಕೊಮ್ಮೆ ಬರುವ ಊರುಗಳು ಈ ಲೆಕ್ಕ ಹಾಕಿಕೊಳ್ಳಲೇಬೇಕು.

ಒಳ್ಳೆಯ ನೀರು ಮನೆಮಂದಿಗೆಲ್ಲ ಸಾಲದಿದ್ದರೆ ಮೊದಲ ಬಿಂದಿಗೆ ಯಾರಿಗೆ ಎಂಬುದನ್ನೂ ಸೀಟಿನ ಕತೆಯೇ ಹೇಳುತ್ತದೆ. ದೊಡ್ಡವರ ಮೂಳೆ ತಡವಾಗಿಯಾದರೂ ಒಂದಷ್ಟು ಫ್ಲೋರೈಡನ್ನು ಇಳಿಸೀತು. ಎಂಟು ವರ್ಷದೊಳಗಿನ ಮಗುವಿನ ವಸಡಿನಲ್ಲಿ ಹಲ್ಲು ಕಟ್ಟುವುದು ಒಂದೇ ಸಲ. ಆ ಬಿಂದಿಗೆ ಮಗುವಿನದು.